ವಿಧವೆಯರ ದೂರು, ದಲಿತ ಕ್ರೈಸ್ತರ ಅರ್ಜಿ



ಅಲ್ಪಸಂಖ್ಯಾತರ ಹಕ್ಕು ಎಂದಕೂಡಲೇ ನಮಗೆ ನೆನಪಾಗುವುದು ಸಂವಿಧಾನದ 30ನೇ ವಿಧಿ ಮತ್ತು ನಮ್ಮ ಶಾಲಾ ಕಾಲೇಜುಗಳು. ಅದು ಸರಿಯೇ. ಆದರೆ ನಮ್ಮೊಳಗೇ ಇರುವ ದಲಿತ ಕ್ರೈಸ್ತರು ನಮಗೆ ಅಷ್ಟು ಬೇಗ ನೆನಪಾಗುವುದಿಲ್ಲ. ಅವರು ಸಂಖ್ಯೆಯಲ್ಲಿ ಕಡಿಮೆಯೇನಲ್ಲ, ದನಿಯಲ್ಲಿ ಕಡಿಮೆ.

1950ರ ಆಗಸ್ಟ್ 10ರಂದು ಹೊರಬಿದ್ದ ರಾಷ್ಟ್ರಪತಿಗಳ ಆದೇಶದ ಮೂರನೆಯ ಪ್ಯಾರಾ, ಹಿಂದೂ ಧರ್ಮದವರಲ್ಲದವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸಬಾರದೆಂದು ಹೇಳಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಕ್ರೈಸ್ತರು ಮತ್ತು ಮುಸಲ್ಮಾನರು ಹೊರಗೇ ಉಳಿದರು. ಪರಿಶಿಷ್ಟ ಜಾತಿಯ ಮೀಸಲಾತಿ ಮಾತ್ರವಲ್ಲ, 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಅವರಿಗಿಲ್ಲ. ನಮ್ಮ ರಾಜ್ಯದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಸೇರಿಸಿದ್ದರೂ ಈ ಕೊರತೆ ಅದರಿಂದ ನೀಗುವುದಿಲ್ಲ.

ಇದೇ ಆದೇಶವನ್ನು ಪ್ರಶ್ನಿಸಿ ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಕ್ರೈಸ್ತ ಸುಪ್ರೀಂ ಕೋರ್ಟಿನವರೆಗೆ ಹೋದ. ಪರಿಶಿಷ್ಟ ಜಾತಿಯ ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಹಂಚಿತ್ತು. ಇವನದೂ ಅದೇ ಕಸುಬು, ಅದೇ ಹುಟ್ಟು. ಆದರೆ ಧರ್ಮ ಬೇರೆಯೆಂದು ಇವನಿಗೆ ಸಿಗಲಿಲ್ಲ. 1985ರಲ್ಲಿ ಬಂದ ತೀರ್ಪಿನಲ್ಲಿ ಅವನು ಸೋತ. ಸೋತ ಕಾರಣವನ್ನು ಗಮನಿಸಿರಿ. ಮತಾಂತರದ ನಂತರವೂ ಜಾತಿ ಉಳಿಯುತ್ತದೆ ಎಂದರೆ ಸಾಲದು, ಹಿಂದೆ ಅನುಭವಿಸಿದ ಕಷ್ಟಗಳು ಹೊಸ ಸಮುದಾಯದಲ್ಲಿಯೂ ಅಷ್ಟೇ ಕಠೋರವಾಗಿ ಮುಂದುವರಿದಿವೆ ಎಂಬುದಕ್ಕೆ ಆಧಾರ ಬೇಕು ಎಂದಿತು ನ್ಯಾಯಾಲಯ. ಅಂಥ ಆಧಾರ ಅದರ ಮುಂದಿರಲಿಲ್ಲ.

ಇಲ್ಲಿದೆ ನಮ್ಮ ಇಕ್ಕಟ್ಟು. ಆಧಾರ ಕೊಡಬೇಕಾದರೆ ಪ್ರತ್ಯೇಕ ಸಮಾಧಿ ಜಾಗ, ಪ್ರತ್ಯೇಕ ಸಾಲು, ಹೆಣ್ಣು ಕೊಡುವಾಗ ಕೇಳುವ ಜಾತಿ ಇವೆಲ್ಲವನ್ನೂ ನಾವೇ ಬಾಯಿಬಿಟ್ಟು ಹೇಳಬೇಕು. "ಜ್ಞಾನಸ್ನಾನ ಪಡೆದ ಮೇಲೆ ಎಲ್ಲರೂ ಒಂದೇ ಅಲ್ಲವೇ ಫಾದರ್?" ಎಂದು ಕೇಳುವವರಿದ್ದಾರೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದು ನಿಜ. ಆದರೆ ಕೃಪೆ ಬೇರೆ, ಸಮಾಜದ ಸ್ಥಿತಿ ಬೇರೆ. ಜ್ಞಾನಸ್ನಾನ ಪಾಪವನ್ನು ತೊಳೆಯುತ್ತದೆ; ಪಕ್ಕದ ಮನೆಯವನು ಲೋಟ ಬೇರೆ ಇಡುವುದನ್ನು ಅದು ತಾನಾಗಿಯೇ ನಿಲ್ಲಿಸುವುದಿಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿ ಧರ್ಮಸಭೆಯೊಳಗಿನ ಜಾತಿಭೇದವನ್ನು ಮುಚ್ಚಿಡದೆ ಒಪ್ಪಿಕೊಂಡಿತು. ನನ್ನ ದೃಷ್ಟಿಯಲ್ಲಿ ಯಾವ ಮೆರವಣಿಗೆಗಿಂತಲೂ ಹೆಚ್ಚು ತೂಕದ ಕೆಲಸವದು.

ಆದಿಸಭೆಯೂ ಹೀಗೆಯೇ ನಡೆದುಕೊಂಡಿತು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಹನ್ನೆರಡು ಮಂದಿ ಪ್ರೇಷಿತರು ದೂರು ಕೊಟ್ಟವರ ಬಾಯಿ ಮುಚ್ಚಿಸಲಿಲ್ಲ. ಸಭೆ ಕರೆದು ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫಾನ, ಫಿಲಿಪ್ಪ, ನಿಕೋಲಾಯ ಮುಂತಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ!

ದಲಿತ ಕ್ರೈಸ್ತರಿಗಾಗಿ ಆಮೇಲೆ ದುಡಿದವರಲ್ಲಿ ಹೊರಗಿನವರೂ ಇದ್ದಾರೆ. 2004ರಲ್ಲಿ ಆ ಮೂರನೆಯ ಪ್ಯಾರಾವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ದೆಹಲಿಯ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಗಳ ಸಂಸ್ಥೆ. ಅದು ಚರ್ಚಿನ ಸಂಸ್ಥೆಯಲ್ಲ. 2007ರಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾವನ್ನು ತೆಗೆದುಹಾಕಲು ಶಿಫಾರಸು ಮಾಡಿತು. 2008ರಲ್ಲಿ ಸಮಾಜಶಾಸ್ತ್ರಜ್ಞ ಸತೀಶ್ ದೇಶಪಾಂಡೆಯವರು ಅಲ್ಪಸಂಖ್ಯಾತರ ರಾಷ್ಟ್ರೀಯ ಆಯೋಗಕ್ಕಾಗಿ ದಲಿತ ಕ್ರೈಸ್ತ ಮತ್ತು ದಲಿತ ಮುಸ್ಲಿಮರ ಸ್ಥಿತಿಗತಿಯ ವರದಿ ಸಿದ್ಧಪಡಿಸಿದರು. ಅರ್ಜಿ ಸಲ್ಲಿಸಿ ಇಪ್ಪತ್ತು ವರ್ಷವಾದರೂ ತೀರ್ಪು ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಿಸಿತು.

ನ್ಯಾಯಾಲಯಕ್ಕಾಗಲಿ ಆಯೋಗಕ್ಕಾಗಲಿ ಬೇಕಾದದ್ದು ಕಣ್ಣೀರಲ್ಲ, ವಿವರ. ನಿಮ್ಮ ಧರ್ಮಕೇಂದ್ರದ ಪಾಲನಾ ಸಮಿತಿ ಒಂದು ಪುಸ್ತಕವಿಟ್ಟು ಬರೆಯಲಿ: ಯಾವ ಕುಟುಂಬಕ್ಕೆ ಜಮೀನಿಲ್ಲ, ಯಾವ ಮಗು ಎಷ್ಟನೇ ತರಗತಿಗೆ ಶಾಲೆ ಬಿಟ್ಟಿತು, ಯಾರಿಗೆ ಊರ ಬಾವಿಯಲ್ಲಿ, ಹೋಟೆಲಿನಲ್ಲಿ, ನಮ್ಮದೇ ಹಬ್ಬದ ಊಟದಲ್ಲಿ ಏನಾಯಿತು. ದಿನಾಂಕ ಸಹಿತ ಬರೆಯಲಿ. ಬರೆಯುವವರಲ್ಲಿ ಆ ಕುಟುಂಬಗಳವರೇ ಹೆಚ್ಚಿರಲಿ. ದಲಿತ ಮುಸಲ್ಮಾನರದೂ ಇದೇ ಬೇಡಿಕೆಯಾದ್ದರಿಂದ ಅವರೊಡನೆ ಕೂಡಿಯೇ ಮನವಿ ಕೊಡಬೇಕು.

ಇನ್ನು ಪರಿಶಿಷ್ಟ ಜಾತಿಯ ಹಿಂದೂ ಬಂಧುಗಳು. ತಮ್ಮ ಪಾಲು ಕರಗುತ್ತದೆಂಬ ಅಂಜಿಕೆ ಅವರಿಗಿದೆ. ಅದನ್ನು ದ್ವೇಷವೆಂದು ತಳ್ಳಿಹಾಕುವುದು ಅನ್ಯಾಯ. ಪಟ್ಟಿ ಬೆಳೆದರೆ ಮೀಸಲಾತಿಯ ಪ್ರಮಾಣವೂ ಬೆಳೆಯಬೇಕೆಂದು ನಾವೇ ಅವರ ಪರವಾಗಿ ಕೇಳಬೇಕು. ನಿಮ್ಮೂರಿನ ಅಂಬೇಡ್ಕರ್ ಸಂಘದವರನ್ನು ಕಂಡು ಮಾತನಾಡಿರಿ. ಆ ಮಾತುಕತೆ ಮನವಿಗೆ ಸಹಿ ಹಾಕಿಸುವುದಕ್ಕಿಂತ ಮುಂಚೆ ನಡೆಯಲಿ.