ಪಣಂಬೂರಿನಿಂದ ಘಟ್ಟದ ಮೇಲಕ್ಕೆ: ‘ಕೆಲಸ ಮತ್ತು ಶಕ್ತಿ’ ಪಾಠದ ಒಂದು ಅನುಭವ

ಅಭ್ಯಾಸ ಬೋಧನೆಗೆಂದು ನನಗೆ ದೊರೆತದ್ದು ಮಂಗಳೂರಿನ ಉತ್ತರ ಭಾಗದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ತರಗತಿ ಒಂಬತ್ತು, ಘಟಕ ‘ಕೆಲಸ ಮತ್ತು ಶಕ್ತಿ’. ಶಾಲೆಯ ಮುಂದಿನ ಹೆದ್ದಾರಿಯಲ್ಲಿ ಇಡೀ ದಿನ ಟ್ಯಾಂಕರುಗಳು, ಕಂಟೇನರ್ ಲಾರಿಗಳು ಓಡುತ್ತಿರುತ್ತವೆ. ಮಕ್ಕಳಲ್ಲಿ ಹಲವರ ಮನೆಯವರು ಬಂದರಿನಲ್ಲಿ, ಗೋದಾಮಿನಲ್ಲಿ, ಲಾರಿಯಲ್ಲಿ ದುಡಿಯುವವರು. ಆದ್ದರಿಂದ ಪಠ್ಯದ ಉದಾಹರಣೆಗಳ ಜೊತೆಗೆ ಬಂದರಿನ ಸರಕು ಸಾಗಣೆಯನ್ನೇ ಪಾಠದ ಸಂದರ್ಭವಾಗಿ ಆರಿಸಿಕೊಂಡೆ. ಎರಡು ಅವಧಿಗಳ ಈ ಪಾಠದಲ್ಲಿ ಮೊದಲನೆಯದು ನಾನು ಅಂದುಕೊಂಡಂತೆ ನಡೆಯಲಿಲ್ಲ. ಅದನ್ನೂ ಸೇರಿಸಿಯೇ ಇಲ್ಲಿ ಬರೆಯುತ್ತಿದ್ದೇನೆ.

ಪಾಠದ ಹಿನ್ನೆಲೆ

ಮಂಗಳೂರಿನ ಹಳೆ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಯಲ್ಲಿದೆ. ಅಲ್ಲಿಗೆ ದೊಡ್ಡ ಹಡಗುಗಳು ಬರಲಾರವು. ಪಣಂಬೂರಿನಲ್ಲಿ ಕಟ್ಟಿದ ನವ ಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲು ಇಲ್ಲಿಗೆ ಬಂದಿಳಿಯುತ್ತವೆ. ಕಾಫಿಯಂಥ ಸರಕು ಇಲ್ಲಿಂದ ಹೊರಡುತ್ತದೆ.

ಬಂದರು ಎಷ್ಟೇ ಚೆನ್ನಾಗಿದ್ದರೂ ಸರಕು ಒಳನಾಡಿಗೆ ಹೋಗಲು ಪಶ್ಚಿಮ ಘಟ್ಟ ಹತ್ತಲೇಬೇಕು. ರಸ್ತೆಯೆಂದರೆ ಮುಖ್ಯವಾಗಿ ಶಿರಾಡಿ ಘಾಟಿ. ರೈಲಿಗೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗೆ ಸುಮಾರು 55 ಕಿ.ಮೀ. ಘಾಟಿ ಮಾರ್ಗ. ಅಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಗೂಡ್ಸ್ ರೈಲುಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. 2018ರಲ್ಲಿ ಮತ್ತು 2024ರಲ್ಲಿ ಮಳೆಗಾಲದ ಭೂಕುಸಿತದಿಂದ ರಸ್ತೆ, ರೈಲು ಎರಡಕ್ಕೂ ತೊಂದರೆಯಾದದ್ದು ಮಕ್ಕಳಿಗೇ ಗೊತ್ತಿತ್ತು.

ಕಲಿಕಾ ಉದ್ದೇಶಗಳು

1. ವಸ್ತುವನ್ನು ಮೇಲೇರಿಸುವಾಗ ನಡೆಯುವ ಕೆಲಸವನ್ನು ಲೆಕ್ಕಹಾಕುವುದು.
2. ಘರ್ಷಣೆಯ ವಿರುದ್ಧದ ಕೆಲಸವನ್ನೂ ಏರಿನ ಕೆಲಸವನ್ನೂ ಬೇರೆಬೇರೆಯಾಗಿ ಗುರುತಿಸುವುದು.
3. ನಮ್ಮ ಬಂದರಿನ ಸಾಗಣೆ ಸುಧಾರಿಸುವ ಒಂದು ಸಲಹೆಯನ್ನು ಲೆಕ್ಕದ ಆಧಾರದಿಂದ ಮಂಡಿಸುವುದು.

ಬೋಧನೋಪಕರಣಗಳು: ಸ್ಪ್ರಿಂಗ್ ತ್ರಾಸು, ಚಿಕ್ಕ ಚಕ್ರಗಳ ಮರದ ಗಾಡಿ, ಒಂದು ಮೀಟರ್ ಹಲಗೆ, ಗೋಣಿಚೀಲ, ಇಟ್ಟಿಗೆಗಳು, ಕರ್ನಾಟಕದ ಭೂಪಟ.

ಮೊದಲ ಅವಧಿ

ಗಾಡಿ ಮತ್ತು ಅದರ ಹೊರೆ ಸೇರಿ 1 ಕಿ.ಗ್ರಾಂ. ಮಾಡಿ, ಮೊದಲು ನುಣುಪು ಹಲಗೆಯ ಮೇಲೆ, ಆಮೇಲೆ ಗೋಣಿ ಹಾಸಿದ ಹಲಗೆಯ ಮೇಲೆ ಒಂದೇ ವೇಗದಲ್ಲಿ ಎಳೆಸಿದೆ. ತ್ರಾಸು ನುಣುಪಿನಲ್ಲಿ ಸುಮಾರು 0.2 ನ್ಯೂಟನ್, ಗೋಣಿಯಲ್ಲಿ ಸುಮಾರು 0.8 ನ್ಯೂಟನ್ ತೋರಿಸಿತು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಡಾಂಬರಿನ ಮೇಲೆ ರಬ್ಬರ್ ಟಯರು: ಇವೆರಡರ ವ್ಯತ್ಯಾಸ ಹೀಗೇ ಎಂದು ವಿವರಿಸಿದೆ. ಒಂದು ಟನ್ ತೂಕವನ್ನು ಸಮತಟ್ಟಿನಲ್ಲಿ ಎಳೆಯಲು ರೈಲಿಗೆ ಸುಮಾರು 20 ನ್ಯೂಟನ್, ಲಾರಿಗೆ ಸುಮಾರು 80 ನ್ಯೂಟನ್ ಬಲ ಬೇಕೆಂದು ಹಲಗೆಯ ಮೇಲೆ ಬರೆದೆ. ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಉತ್ಸಾಹದಲ್ಲಿ, “ಆದ್ದರಿಂದ ಘಟ್ಟ ಹತ್ತಲು ರೈಲಿಗೆ ಲಾರಿಯ ಕಾಲುಭಾಗ ಶಕ್ತಿ ಸಾಕು. ಬಂದರಿನ ಸರಕೆಲ್ಲ ರೈಲಿನಲ್ಲೇ ಹೋಗಬೇಕು” ಎಂದುಬಿಟ್ಟೆ.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಟೀಚರ್, ಎರಡೂ ಹತ್ತುದು ಒಂದೇ ಗುಡ್ಡ ಅಲ್ವಾ? ಎತ್ತರ ಒಂದೇ ಆದ್ರೆ ಕೆಲಸ ಕಾಲುಭಾಗ ಆಗುದು ಹೇಗೆ?”

ನನ್ನ ಬಳಿ ಉತ್ತರವಿರಲಿಲ್ಲ. “ನಾಳೆ ನೋಡೋಣ” ಎಂದೆ. ಅವಳು ಕೂರಲಿಲ್ಲ. “ಮತ್ತೆ, ಎಲ್ಲ ರೈಲಿನಲ್ಲೇ ಹೋದ್ರೆ ನಮ್ಮಪ್ಪ ಎಂತ ಮಾಡುದು? ಅವರು ಪಣಂಬೂರಿಂದ ಬೆಂಗಳೂರಿಗೆ ಲಾರಿ ಬಿಡುದು.” ತರಗತಿ ನಕ್ಕಿತು. “ಅದು ವಿಜ್ಞಾನದ ಪ್ರಶ್ನೆಯಲ್ಲ, ಕೂತ್ಕೋ” ಎಂದು ಮುಂದೆ ಹೋದೆ. ಗಂಟೆ ಹೊಡೆಯುವವರೆಗೂ ಅವಳು ಮತ್ತೆ ಕೈ ಎತ್ತಲಿಲ್ಲ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕಿ ಉಪಕರಣ ಬಳಕೆ, ಧ್ವನಿ, ಕಪ್ಪುಹಲಗೆ ಎಲ್ಲಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೊನೆಯ ಸಾಲು ಮಾತ್ರ ಹೀಗಿತ್ತು: “ಎರಡು ಪ್ರಶ್ನೆಗಳಿಗೆ ಉತ್ತರ ಬಾಕಿ ಇದೆ.” ಒಂದೇ ಬಾಕಿ ಎಂದು ನಾನು ಎಣಿಸಿದ್ದೆ.

ಎರಡನೇ ಅವಧಿ

ಮೊದಲು ನನ್ನ ತಪ್ಪನ್ನು ಹೇಳಿದೆ: “ನಿನ್ನೆ ನಾನು ಸಮತಟ್ಟು ನೆಲದ ಫಲಿತಾಂಶವನ್ನು ಏರಿಗೆ ಅನ್ವಯಿಸಿದೆ. ಅದು ಸರಿಯೇ ಎಂದು ಇವತ್ತು ಪರೀಕ್ಷಿಸೋಣ.” ಹಲಗೆಯ ಒಂದು ತುದಿಯನ್ನು 20 ಸೆಂ.ಮೀ. ಎತ್ತರಿಸಿ ಅದೇ ಗಾಡಿಯನ್ನು ಎಳೆಸಿದೆ. ನುಣುಪಿನಲ್ಲಿ ಸುಮಾರು 2.2 ನ್ಯೂಟನ್, ಗೋಣಿಯಲ್ಲಿ 2.8ರ ಹತ್ತಿರ ಬಂತು. ನಿನ್ನೆಯ ನಾಲ್ಕು ಪಟ್ಟು ವ್ಯತ್ಯಾಸ ಎಲ್ಲಿ ಹೋಯಿತು? ಎರಡಕ್ಕೂ ಸುಮಾರು 2 ನ್ಯೂಟನ್ ಸೇರಿಕೊಂಡಿದೆ ಎಂದು ಮಕ್ಕಳೇ ಕಂಡುಹಿಡಿದರು. ಈ 2 ನ್ಯೂಟನ್ ಏರಿಗಾಗಿ. ಅದಕ್ಕೆ ಚಕ್ರ ಯಾವುದೆಂಬುದು ಮುಖ್ಯವಲ್ಲ.

ಆಮೇಲೆ ನಿಜವಾದ ಘಟ್ಟದ ಲೆಕ್ಕ. ಏರುವ ಎತ್ತರವನ್ನು ಸುಮಾರು 800 ಮೀಟರ್ ಎಂದಿಟ್ಟುಕೊಂಡೆವು. ಒಂದು ಟನ್ ತೂಕಕ್ಕೆ 1000 × 10 × 800, ಅಂದರೆ 80 ಲಕ್ಷ ಜೂಲ್. ಇದನ್ನು 8 ಮೆಗಾಜೂಲ್ ಎಂದು ಬರೆದೆವು. ಹೋಲಿಕೆಗಾಗಿ ಇಬ್ಬರಿಗೂ 55 ಕಿ.ಮೀ. ದಾರಿ ಎಂದೇ ಹಿಡಿದೆವು. ಗಾಳಿಯ ತಡೆಯನ್ನು ಬಿಟ್ಟೆವು.

ಘಾಟಿಯಲ್ಲಿ ರೈಲು: 8 + 1.1 = 9.1 ಮೆಗಾಜೂಲ್
ಘಾಟಿಯಲ್ಲಿ ಲಾರಿ: 8 + 4.4 = 12.4 ಮೆಗಾಜೂಲ್
ಮೇಲೆ 180 ಕಿ.ಮೀ. ಸಮತಟ್ಟಿನಲ್ಲಿ ರೈಲು: 3.6 ಮೆಗಾಜೂಲ್
ಅದೇ ದಾರಿಯಲ್ಲಿ ಲಾರಿ: 14.4 ಮೆಗಾಜೂಲ್

ಘಟ್ಟದಲ್ಲಿ ರೈಲಿನ ಲಾಭ ಕಡಿಮೆ, ಸಮತಟ್ಟು ದೂರದಲ್ಲಿ ನಾಲ್ಕು ಪಟ್ಟು. ಹಾಗಾಗಿ ಹತ್ತಿರದ ಊರಿಗೆ ಹೋಗುವ ಸರಕಿಗಿಂತ ದೂರಕ್ಕೆ ಹೋಗುವ ಸರಕಿಗೆ ರೈಲು ಹೆಚ್ಚು ಉಪಯುಕ್ತ ಎಂಬ ತೀರ್ಮಾನಕ್ಕೆ ತರಗತಿಯೇ ಬಂತು.

ಇನ್ನು ಎರಡನೇ ಬಾಕಿ. ಆ ಹುಡುಗಿಯನ್ನು ಕರೆದು, “ಅಪ್ಪ ಬೆಂಗಳೂರಿಂದ ಬರುವಾಗ ಲಾರಿಯಲ್ಲಿ ಏನಿರುತ್ತದೆ?” ಎಂದು ಕೇಳಿದೆ. “ರಿಟರ್ನ್ ಲೋಡ್ ಸಿಕ್ಕಿದ್ರೆ ಉಂಟು, ಇಲ್ಲದಿದ್ರೆ ಖಾಲಿ. ಕೆಲವು ಸಲ ಲೋಡಿಗೆ ಅಂತ ಎರಡು ದಿನ ಅಲ್ಲೇ ಕಾಯ್ತಾರೆ.” ಲಾರಿಯದೇ ತೂಕ 10 ಟನ್, ಸರಕು 20 ಟನ್ ಎಂದು ಅವಳೇ ಹೇಳಿದಳು. ಲೆಕ್ಕವನ್ನೂ ಅವಳಿಂದಲೇ ಮಾಡಿಸಿದೆ. 180 ಕಿ.ಮೀ. ಸಮತಟ್ಟಿನಲ್ಲಿ ತುಂಬಿದ ಲಾರಿಗೆ 30 × 14.4 = 432 ಮೆಗಾಜೂಲ್. ಖಾಲಿ ಮರಳಲು 144. ಒಟ್ಟು 576, ಸಾಗಿಸಿದ ಸರಕು 20 ಟನ್. ಅಂದರೆ ಟನ್ ಸರಕಿಗೆ 28.8. ಮರಳುವಾಗಲೂ ಲೋಡ್ ಇದ್ದರೆ ಒಟ್ಟು 864, ಸರಕು 40 ಟನ್. ಟನ್ ಸರಕಿಗೆ 21.6. ರಸ್ತೆ, ಟಯರು, ಎಂಜಿನ್ ಯಾವುದನ್ನೂ ಬದಲಾಯಿಸದೆ ಕಾಲುಭಾಗ ಉಳಿತಾಯ. “ಖಾಲಿ ಬರುವ ಗೂಡ್ಸ್ ರೈಲಿಗೂ ಇದೇ ಲೆಕ್ಕವಾ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಹೌದು, ಅದಕ್ಕೂ ಇದೇ.

ವಿಸ್ತರಣೆ

ಲಾರಿ ಮತ್ತು ರೈಲು ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಕೊಂಕಣ ರೈಲ್ವೆಯ ರೋ-ರೋ ಸೇವೆಯ ಉದಾಹರಣೆ ಕೊಟ್ಟೆ. 1999ರಲ್ಲಿ ಆರಂಭವಾದ ಈ ಸೇವೆಯಲ್ಲಿ ಸರಕು ತುಂಬಿದ ಲಾರಿಗಳೇ ರೈಲಿನ ವ್ಯಾಗನ್ ಏರುತ್ತವೆ, ಚಾಲಕರೂ ಜೊತೆಗೆ ಹೋಗುತ್ತಾರೆ. ಬಂದರಿಗೆ ಹತ್ತಿರದ ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡ್‌ಗೆ ಈ ಸೇವೆ ಇದೆ. ಆದರೆ ಅದು ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗುವ ದಾರಿ, ಬೆಂಗಳೂರಿಗೆ ಹೋಗುವ ಲಾರಿಗೆ ಇದರಿಂದ ಪ್ರಯೋಜನವಿಲ್ಲ ಎಂದೂ ಹೇಳಿದೆ. ಕುದುರೆಮುಖದ ಅದಿರು ನೀರಿನೊಂದಿಗೆ ಬೆರೆತು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿದ್ದುದು ಪ್ರಚ್ಛನ್ನ ಶಕ್ತಿಗೆ ಒಳ್ಳೆಯ ಉದಾಹರಣೆಯಾಯಿತು. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಒಂದೇ ಸರಕನ್ನು ನೆಚ್ಚಿಕೊಂಡರೆ ಬಂದರಿಗೆ ಏನಾಗುತ್ತದೆ ಎಂಬ ಚರ್ಚೆಗೆ ಅದು ದಾರಿ ಮಾಡಿತು.

ಮೌಲ್ಯಮಾಪನ

“ನಮ್ಮ ಬಂದರಿನ ಸಾಗಣೆಗೆ ಒಂದು ಸುಧಾರಣೆ ಸೂಚಿಸಿ, ಲೆಕ್ಕ ಅಥವಾ ಕಾರಣ ಕೊಡಿ” ಎಂದು ಗುಂಪುಗಳಿಗೆ ಕೊಟ್ಟೆ. ಒಂದು ಗುಂಪು ದೂರದ ಸರಕಿಗೆ ರೈಲು ಎಂದು ಬರೆಯಿತು. ಇನ್ನೊಂದು, ಬರುವ ಲಾರಿ ಮತ್ತು ಹೋಗುವ ಸರಕನ್ನು ಒಂದೇ ಕಡೆ ನೋಂದಾಯಿಸುವ ವ್ಯವಸ್ಥೆ ಕೇಳಿತು. ಮೂರನೆಯದು ಮಳೆಗಾಲಕ್ಕೆ ಮುಂಚೆ ಘಾಟಿಯ ಇಳಿಜಾರುಗಳನ್ನು ಭದ್ರಪಡಿಸಬೇಕೆಂದಿತು. ಲಾರಿಯವರ ಮಗಳಿದ್ದ ಗುಂಪು, ಕಾಯುವ ಚಾಲಕರಿಗೆ ಶೌಚಾಲಯ ಮತ್ತು ಮಲಗುವ ಜಾಗ ಬೇಕೆಂದು ಬರೆಯಿತು. ಲೆಕ್ಕದ ಜಾಗದಲ್ಲಿ, “ನಿದ್ದೆ ಇಲ್ಲದೆ ಘಾಟಿ ಇಳಿದರೆ ಬ್ರೇಕ್ ಹಾಕುವುದು ತಡವಾಗುತ್ತದೆ” ಎಂದಿತ್ತು. ಅದಕ್ಕೂ ಪೂರ್ಣ ಅಂಕ ಕೊಟ್ಟೆ.

ನಾನು ಕಲಿತದ್ದು

ಸಮತಟ್ಟು ಮತ್ತು ಏರು ಎರಡೂ ಪ್ರಯೋಗಗಳನ್ನು ಒಂದೇ ಅವಧಿಯಲ್ಲಿ ಮಾಡಬೇಕಿತ್ತು. ಒಂದನ್ನೇ ತೋರಿಸಿದಾಗ ತಪ್ಪು ತೀರ್ಮಾನಕ್ಕೆ ನಾನೇ ದಾರಿಯಾದೆ. ಪಾಠ ಮಾಡಬಯಸುವ ಗೆಳೆಯರು ಸ್ಪ್ರಿಂಗ್ ತ್ರಾಸನ್ನು ಹಲಗೆಗೆ ಸಮಾಂತರವಾಗಿ ಹಿಡಿಸಬೇಕು, ಪ್ರತಿ ಅಳತೆಯನ್ನು ಮೂರು ಸಲ ತೆಗೆಸಬೇಕು, ದುಂಡು ಸಂಖ್ಯೆಗಳನ್ನೇ ಬಳಸಬೇಕು.

ಇನ್ನೊಂದು ಮಾತು. “ವಿಜ್ಞಾನದ ಪ್ರಶ್ನೆಯಲ್ಲ” ಎಂದು ನಾನು ಕೂರಿಸಿದ ಪ್ರಶ್ನೆಯೇ ಎರಡನೇ ದಿನ ಇಡೀ ತರಗತಿಗೆ ಅತಿ ಒಳ್ಳೆಯ ಲೆಕ್ಕ ಕೊಟ್ಟಿತು. ಆ ಹುಡುಗಿಗೆ ಎರಡನೇ ದಿನ ತರಗತಿಯ ಮುಂದೆಯೇ ಕ್ಷಮೆ ಕೇಳಿದೆ. ಅಪ್ಪನಿಗೆ 28.8 ಮತ್ತು 21.6ರ ಲೆಕ್ಕ ತೋರಿಸುತ್ತೇನೆಂದು ಅವಳು ಅದನ್ನು ಪುಸ್ತಕದ ಕೊನೆಯ ಹಾಳೆಗೆ ಬರೆದುಕೊಂಡು ಹೋದಳು.