ಇಂದಿನ ಧಮ್ಮ ಚಿಂತನೆ: ಕಣ್ಣು ಹೋದ ಮೇಲೂ ಓದು



ಕಳೆದ ಭಾನುವಾರದ ಅಧ್ಯಯನಕ್ಕೆ ನಮ್ಮ ಹಿರಿಯ ಉಪಾಸಕರೊಬ್ಬರು ಬರಲಿಲ್ಲ. 'ಬುದ್ಧ ಮತ್ತು ಅವನ ಧಮ್ಮ'ವನ್ನು ವರ್ಷಗಳಿಂದ ನಮಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದವರು ಅವರೇ. ಸಕ್ಕರೆ ಕಾಯಿಲೆಯಿಂದ ಈಗ ಅವರ ದೃಷ್ಟಿ ಬಹುತೇಕ ಹೋಗಿದೆ. ಸಂಜೆ ಮನೆಗೆ ಹೋದಾಗ, "ಮೇಷ್ಟ್ರೇ, ಇನ್ನು ನಾನು ಬಂದು ಏನು ಮಾಡಲಿ? ಅಕ್ಷರವೇ ಕಾಣಲ್ಲ" ಎಂದರು. ಪಕ್ಕದಲ್ಲಿ ಕೂತಿದ್ದ ನೆಂಟರೊಬ್ಬರು "ಯಾವ ಜನ್ಮದ ಕರ್ಮವೋ ಏನೋ" ಎಂದು ನಿಟ್ಟುಸಿರು ಬಿಟ್ಟರು. ಈ ಎರಡು ಮಾತುಗಳೇ ಇಂದಿನ ಪಾಠ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

*1. ಕರ್ಮದ ಮಾತು*

ಧಮ್ಮಪದದ ಮೊದಲ ಗಾಥೆಗೆ ಅಟ್ಠಕಥೆಯಲ್ಲಿ ಬರುವ ಹಿನ್ನೆಲೆ ಚಕ್ಖುಪಾಲ ಥೇರರ ಕಥೆ. 'ಚಕ್ಖು' ಎಂದರೆ ಕಣ್ಣು. ಮಳೆಗಾಲದ ಮೂರು ತಿಂಗಳು ಮಲಗುವುದಿಲ್ಲ ಎಂದು ವ್ರತ ಹಿಡಿದು, ವೈದ್ಯರ ಮಾತನ್ನೂ ಕೇಳದೆ ಅವರು ಕಣ್ಣು ಕಳೆದುಕೊಂಡರು. ಮುಂದೆ ಜೇತವನದಲ್ಲಿ, ಮಳೆ ನಿಂತ ಮೇಲೆ ನಡೆದಾಡುವಾಗ ಅವರ ಕಾಲಿಗೆ ಸಿಕ್ಕಿ ಹುಳುಗಳು ಸತ್ತವು. ಭಿಕ್ಖುಗಳು ದೂರು ತಂದರು. ಅವರು ಕೊಲ್ಲುವುದನ್ನು ನೀವು ನೋಡಿದಿರಾ ಎಂದು ಬುದ್ಧರು ಕೇಳಿದರು. ಇಲ್ಲ ಎಂದರು. ನೀವು ಅವರನ್ನು ನೋಡದ ಹಾಗೆಯೇ ಅವರೂ ಹುಳುಗಳನ್ನು ನೋಡಲಿಲ್ಲ, ಕೊಲ್ಲುವ ಉದ್ದೇಶವಿಲ್ಲದ ಕಡೆ ದೋಷವಿಲ್ಲ ಎಂದರು.

ಅದೇ ಅಟ್ಠಕಥೆ ಮುಂದೆ, ಅವರು ಹಿಂದಿನ ಜನ್ಮದಲ್ಲಿ ವೈದ್ಯರಾಗಿ ಒಬ್ಬ ಹೆಣ್ಣುಮಗಳ ಕಣ್ಣು ಕೆಡಿಸಿದ್ದರು, ಅದಕ್ಕೇ ಹೀಗಾಯಿತು ಎನ್ನುತ್ತದೆ. ಅಂಬೇಡ್ಕರ್ ಓದಿದ ನಾವು ನಿಲ್ಲಬೇಕಾದ ಜಾಗ ಇದು. ಹಿಂದಿನ ಜನ್ಮದ ಕರ್ಮ ಎಂಬ ಮಾತನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಬಡವರ, ಕೆಳಗಿನವರ ಸ್ಥಿತಿಗೆ ತಾನು ಹೊಣೆಯಲ್ಲ ಎಂದು ಸಮಾಜ ನುಣುಚಿಕೊಳ್ಳಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ ಎಂದರು. ನಮ್ಮ ಅಜ್ಜ ಮುತ್ತಜ್ಜಂದಿರನ್ನು ಊರ ಹೊರಗಿಟ್ಟದ್ದೂ ಇದೇ ಮಾತು ಹೇಳಿಯೇ. ಹಾಗಾಗಿ ಕಥೆಯಲ್ಲಿ ಚೇತನದ, ಅಂದರೆ ಉದ್ದೇಶದ ಪಾಠವನ್ನು ಇಟ್ಟುಕೊಳ್ಳೋಣ. ಹಿಂದಿನ ಜನ್ಮದ ಲೆಕ್ಕವನ್ನು ಬಿಡೋಣ. ಸಕ್ಕರೆ ಕಾಯಿಲೆಗೆ ಕಾರಣ ದೇಹದಲ್ಲಿದೆ, ಪಾಪದಲ್ಲಿಲ್ಲ.

*2. ಚರ್ಮದ ಕೆಲಸದವರ ಮಗ*

ಈಗ "ಏನು ಮಾಡಲಿ?" ಎಂಬ ಪ್ರಶ್ನೆ. ಇದಕ್ಕೆ ಒಬ್ಬ ಹುಡುಗನ ಬದುಕನ್ನು ನೋಡೋಣ.

ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕುದುರೆಯ ಜೀನು, ಲಗಾಮು ಹೊಲಿಯುತ್ತಿದ್ದ ಚರ್ಮದ ಕೆಲಸದವರು. ಮೂರು ವರ್ಷದ ಮಗು ಅಪ್ಪನ ಕೆಲಸದ ಕೋಣೆಯಲ್ಲಿ ಆಡುವಾಗ ಚೂಪಾದ ಉಪಕರಣ ಕಣ್ಣಿಗೆ ಚುಚ್ಚಿತು. ಚರ್ಮಕ್ಕೆ ತೂತು ಹಾಕುವ ಉಳಿ ಅದು ಎನ್ನುತ್ತಾರೆ. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಬರುವ 'ಕೈಯುಳಿ' ನೆನಪಾಗುತ್ತದೆ. ನಮ್ಮಲ್ಲಿ ಅನೇಕರ ತಾತಂದಿರ ಕೈಯಲ್ಲೂ ಅದು ಇತ್ತು. ಗಾಯದ ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷಕ್ಕೆಲ್ಲ ಎರಡೂ ಕಣ್ಣು ಹೋದವು.

ತಂದೆ ತಾಯಿ ಮಗನನ್ನು ಮೂಲೆಗೆ ಕೂರಿಸಲಿಲ್ಲ, ಊರ ಶಾಲೆಗೆ ಕಳಿಸಿದರು. 10ನೇ ವಯಸ್ಸಿಗೆ ಅವನು ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿಯ ಪುಸ್ತಕಗಳಲ್ಲಿ ಕಣ್ಣಿದ್ದವರು ಓದುವ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿದ್ದರು. ಬೆರಳಿಗೆ ಅವನ್ನು ಓದುವುದು ಬಹಳ ನಿಧಾನ. ಆ ರೀತಿಯಲ್ಲಿ ಮಕ್ಕಳು ತಾವೇ ಬರೆಯುವುದಂತೂ ಆಗದ ಮಾತು. ಆಗ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೈನ್ಯಾಧಿಕಾರಿಯ ಚುಕ್ಕಿಬರಹ ಶಾಲೆಗೆ ಬಂತು. ಅದರಲ್ಲಿ 12 ಚುಕ್ಕಿಗಳು, ಒಂದು ಬೆರಳ ತುದಿಗೆ ಒಮ್ಮೆಗೇ ಸಿಗದಷ್ಟು ದೊಡ್ಡವು. ಲೂಯಿ ಅದನ್ನು 6 ಚುಕ್ಕಿಗೆ ಇಳಿಸಿದ. 6 ಚುಕ್ಕಿಗಳಿಂದ 63 ಗುರುತುಗಳು. 1824ರಲ್ಲಿ, 15ನೇ ವಯಸ್ಸಿಗೆ, ಲಿಪಿ ಸಿದ್ಧವಾಯಿತು. 1829ರಲ್ಲಿ ಪುಸ್ತಕವಾಗಿ ಬಂತು. ಸ್ವತಃ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಅವರು ಸಂಗೀತಕ್ಕೂ ಅದನ್ನು ಹೊಂದಿಸಿದರು. ಕಾಗದಕ್ಕೆ ಚುಕ್ಕಿ ಒತ್ತುವುದು ಚೂಪು ಮೊನೆಯ ಕಡ್ಡಿಯಿಂದ. ಕಣ್ಣು ಕಿತ್ತುಕೊಂಡದ್ದೂ ಮೊನೆ, ಅಕ್ಷರ ಕೊಟ್ಟದ್ದೂ ಮೊನೆ.

ಆದರೆ ಕಣ್ಣಿದ್ದ ಶಿಕ್ಷಕರು ಸುಲಭವಾಗಿ ಒಪ್ಪಲಿಲ್ಲ. ತಮಗೆ ಓದಲು ಬಾರದ ಲಿಪಿ ತಮ್ಮ ವಿದ್ಯಾರ್ಥಿಗಳಿಗೆ ಏಕೆ ಎಂಬ ಭಾವ. ಲೂಯಿ 1852ರಲ್ಲಿ ಕ್ಷಯದಿಂದ ತೀರಿಕೊಂಡರು. ಫ್ರಾನ್ಸ್ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಯಾರು ಓದಬೇಕು, ಹೇಗೆ ಓದಬೇಕು ಎಂದು ಬೇರೆಯವರು ತೀರ್ಮಾನಿಸುವುದು ಎಂದರೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂದು ಕನ್ನಡವೂ ಆ ಆರು ಚುಕ್ಕಿಗಳಲ್ಲಿದೆ. ನಮ್ಮ 'ಅ' ಬರೆಯಲು ಒಂದೇ ಚುಕ್ಕಿ ಸಾಕು.

*3. ಆರು ಆಯತನಗಳು*

ಬುದ್ಧರು ಹೇಳಿದ ಆಯತನಗಳು ಆರು: ಕಣ್ಣು, ಕಿವಿ, ಮೂಗು, ನಾಲಿಗೆ, ಕಾಯ, ಮನ. ಓದು ಎಂದರೆ ಕಣ್ಣಿನ ಕೆಲಸ ಎಂದು ನಾವು ಅಂದುಕೊಂಡಿದ್ದೇವೆ. ಲೂಯಿ ಅದನ್ನು ಕಾಯಕ್ಕೆ, ಬೆರಳ ತುದಿಗೆ ತಂದರು. ಕಣ್ಣು ಹೋದ ದುಃಖ ಸುಳ್ಳಲ್ಲ, ಅದನ್ನು ಒಳ್ಳೆಯದೇ ಆಯಿತು ಎಂದು ಹೇಳುವುದೂ ಬೇಡ. ಅನಿತ್ಯ ಎಂದು ತಿಳಿದವರೂ ಅಳುತ್ತಾರೆ. ಆದರೆ ಕಣ್ಣೇ ನಾನು ಎಂಬ ಅಂಟು ಸಡಿಲವಾದ ಮೇಲೆ ಉಳಿದ ಐದು ಕೆಲಸಕ್ಕೆ ಬರುತ್ತವೆ.

*ಇಂದಿನ ಅಭ್ಯಾಸ*

1. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಕಣ್ಣಿನ ಪರದೆ ತೋರಿಸಿಕೊಳ್ಳಿ. ಕಣ್ಣು ಚೆನ್ನಾಗಿ ಕಾಣುವಾಗಲೇ ಒಳಗೆ ಹಾನಿ ಶುರುವಾಗಿರಬಹುದು.

2. ದೃಷ್ಟಿ ಕುಂದಿದ ಹಿರಿಯರ ಮೊಬೈಲಿನಲ್ಲಿ ಪರದೆಯನ್ನು ಓದಿ ಹೇಳುವ ಸೌಲಭ್ಯ ಹಾಕಿಕೊಡಿ. ಬಳಸುವುದನ್ನು ಪಕ್ಕ ಕೂತು ಕಲಿಸಿ.

3. ಯಾರ ಸಂಕಟಕ್ಕೂ "ಕರ್ಮ" ಎನ್ನಬೇಡಿ. "ನಾನೇನು ಮಾಡಲಿ?" ಎಂದು ಕೇಳಿ.

ಮುಂದಿನ ಭಾನುವಾರದಿಂದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಓದುತ್ತಾಳೆ, ನಮ್ಮ ಹಿರಿಯ ಉಪಾಸಕರು ಅರ್ಥ ಹೇಳುತ್ತಾರೆ. ಅವರ ಕಂಠವೂ ನೆನಪೂ ಹಾಗೇ ಇವೆ. ನಿನ್ನೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಭಾಗ ಮೇಷ್ಟ್ರೇ? ಮೊದಲೇ ಒಂದು ಸಲ ಓದಿಸಿ ಕೇಳಿಕೊಂಡಿರ್ತೀನಿ" ಎಂದರು.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. 🙏