ದೊಡ್ಡಮ್ಮ ಮತ್ತೆ ಓದಿದರು

ನಾವು ಹನ್ನೆರಡು ಮಂದಿ ಹೆಂಗಸರು. ಸಂಜೆ ಕೆಲಸ ಮುಗಿಸಿ ಶಾಲೆಯ ಜಗಲಿಯಲ್ಲಿ ಸೇರುತ್ತೇವೆ. ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಪಾಠ ಓದುತ್ತೇವೆ.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದವರು ದೊಡ್ಡಮ್ಮ. ಅವರಿಗೆ 55 ವರ್ಷ. ಮೇಲಿನ ಸಾಲಿನ ಮೂರು ದವಡೆ ಹಲ್ಲು ಎಂದೋ ಹೋಗಿದ್ದವು. ಈಚೆಗೆ ಮುಂದಿನ ಎರಡು ಹಲ್ಲೂ ಬಿದ್ದವು.

ಒಂದು ದಿನ ಅವರ ಸರದಿ ಬಂತು. ‘ಸಂತೆ’ ಎಂದು ಓದಲು ಹೋದರು. ಬಾಯಿಂದ ಬರೀ ಗಾಳಿ ಬಂತು. ನಾವು ಕಿಸಕ್ಕನೆ ನಕ್ಕೆವು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತರು. ಮಾರನೆಯ ದಿನ ಅವರು ಬರಲಿಲ್ಲ. ಒಂದು ವಾರ ಕಳೆದರೂ ಬರಲಿಲ್ಲ.

ತಪ್ಪು ನಮ್ಮದು. ನಾವೇ ಅವರ ಮನೆಗೆ ಹೋದೆವು.

“ದೊಡ್ಡಮ್ಮ, ತಪ್ಪಾಯ್ತು. ಬನ್ನಿ.”

“ಇಲ್ಲ ಕಣ್ರವ್ವ. ಹಲ್ಲಿಲ್ಲದ ಬಾಯಲ್ಲಿ ಏನು ಓದಲಿ? ಮುದ್ದೆಯಾದರೆ ನುಂಗಬಹುದು. ರೊಟ್ಟಿ, ಕಡಲೆಕಾಯಿ ಮುಟ್ಟಿ ವರ್ಷವಾಯ್ತು. ಐದು ಮಕ್ಕಳನ್ನು ಹೆತ್ತೆ. ಮಗುವಿಗೊಂದು ಹಲ್ಲು ಹೋಯ್ತು.”

ಆಶಾ ಅಕ್ಕ ನಮ್ಮ ಜೊತೆ ಬಂದಿದ್ದರು. ಅವರು ಹೇಳಿದರು: “ಹೆತ್ತರೆ ಹಲ್ಲು ಬೀಳುವುದಿಲ್ಲ ದೊಡ್ಡಮ್ಮ. ಹುಳುಕಿನಿಂದ ಬೀಳುತ್ತೆ. ಒಸಡಿನ ರೋಗದಿಂದ ಬೀಳುತ್ತೆ. ಬಸುರಿಯಾದಾಗ ಒಸಡು ಊದಿ ರಕ್ತ ಬರಬಹುದು. ಆಗ ಹಲ್ಲುಜ್ಜುವುದನ್ನು ಬಿಡಬಾರದು. ಹೋಗಿದ್ದು ಹೋಯ್ತು. ಈಗ ಹಲ್ಲು ಕಟ್ಟಿಸೋಣ.”

“ಸಂತೆಯಲ್ಲಿ ಒಬ್ಬ ಕೂರ್ತಾನಲ್ಲ. ಅರ್ಧ ಗಂಟೆಯಲ್ಲಿ ಕೂರಿಸಿಬಿಡ್ತಾನಂತೆ.”

“ಅಯ್ಯೋ, ಅಲ್ಲಿ ಬೇಡ! ಪಕ್ಕದ ಹಲ್ಲಿಗೆ ಅಂಟಿಸಿಬಿಡ್ತಾರೆ. ತೆಗೆದು ತೊಳೆಯಲು ಬರುವುದಿಲ್ಲ. ಒಳಗೆ ಅನ್ನ ಸೇರಿ ಕೊಳೆಯುತ್ತೆ. ಒಸಡು ಕೀವಾಗುತ್ತೆ. ಇರುವ ಗಟ್ಟಿ ಹಲ್ಲೂ ಹೋಗುತ್ತೆ.”

ಆಸ್ಪತ್ರೆಯಲ್ಲಿ

ನಾವು ಇಬ್ಬರು ದೊಡ್ಡಮ್ಮನ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋದೆವು. ದಂತ ವೈದ್ಯೆ ಬಾಯಿ ನೋಡಿದರು. ನಮಗೂ ತಿಳಿಯುವಂತೆ ಹೇಳಿದರು.

“ದೊಡ್ಡವರ ಬಾಯಲ್ಲಿ 32 ಹಲ್ಲು. ಒಂದು ಹೋದರೆ ಅಲ್ಲಿಗೇ ಮುಗಿಯುವುದಿಲ್ಲ. ಪಕ್ಕದ ಹಲ್ಲು ಆ ಸಂದಿಗೆ ವಾಲುತ್ತದೆ. ಎದುರಿನ ಹಲ್ಲು ಉದ್ದಕ್ಕೆ ಇಳಿಯುತ್ತದೆ. ಅಗಿಯುವುದು ಕಷ್ಟವಾಗುತ್ತದೆ.”

ಹಲ್ಲು ಬಿದ್ದ ಜಾಗ ಮಾಯಬೇಕು. ಅದಕ್ಕೆ ಎರಡು ಮೂರು ತಿಂಗಳು ಬೇಕಾಗಬಹುದು. ಅಷ್ಟರಲ್ಲಿ ಉಳಿದ ಹಲ್ಲುಗಳನ್ನು ಶುಚಿ ಮಾಡಿದರು. ಹುಳುಕಿಗೆ ಸಿಮೆಂಟು ತುಂಬಿದರು. ಆಮೇಲೆ ಮೇಣದಂಥ ಮೆತ್ತನೆಯ ವಸ್ತು ಬಾಯಲ್ಲಿಟ್ಟು ಅಚ್ಚು ತೆಗೆದರು. ಅಚ್ಚಿನಿಂದ ಗಾರೆಯ ಮಾದರಿ ಮಾಡಿದರು. ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಬಾಯಲ್ಲಿಟ್ಟು ನೋಡಿದರು. ಕೊನೆಗೆ ಸೆಟ್ಟು ಬಂತು.

ಒಸಡಿನ ಬಣ್ಣದ ಪ್ಲಾಸ್ಟಿಕ್ಕು. ಅದರಲ್ಲಿ ಐದು ಹಲ್ಲು. ಎರಡು ಕಡೆ ತಂತಿಯ ಕೊಕ್ಕೆ. ಕೊಕ್ಕೆ ಉಳಿದ ಹಲ್ಲನ್ನು ಹಿಡಿದುಕೊಳ್ಳುತ್ತದೆ. ಇದನ್ನು ನಾವೇ ತೆಗೆದು ಹಾಕಬಹುದು. ಲೋಹದ ಸೆಟ್ಟೂ ಉಂಟು. ಅದು ತೆಳ್ಳಗೆ, ಗಟ್ಟಿ; ಬೆಲೆ ಹೆಚ್ಚು.

ಮೊದಲ ದಿನಗಳು

ಮೊದಲೆರಡು ದಿನ ದೊಡ್ಡಮ್ಮನ ಬಾಯಲ್ಲಿ ನೀರೂರಿತು. ಮಾತು ತೊದಲಿತು. “ಬಾಯಲ್ಲಿ ಕಲ್ಲಿಟ್ಟಂಗೆ ಆಗ್ತದೆ. ಬೇಡವೇ ಬೇಡ” ಎಂದು ತೆಗೆದಿಟ್ಟರು. ಒಂದು ಕಡೆ ಒಸಡು ಹುಣ್ಣಾಗಿತ್ತು. “ನಾನೇ ಚಾಕುವಿನಿಂದ ಕೆರೆದುಕೊಳ್ತೀನಿ” ಎಂದರು. ನಾವು ಬಿಡಲಿಲ್ಲ. ಮತ್ತೆ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯೆ ಒತ್ತುವ ಜಾಗವನ್ನು ಸವರಿ ಕೊಟ್ಟರು. ನೋವು ಹೋಯಿತು.

“ಮಾತು ಸರಿಯಾಗಬೇಕಾದರೆ ಏನು ಮಾಡಲಿ?” ದೊಡ್ಡಮ್ಮ ಕೇಳಿದರು.

“ದಿನಾ ಗಟ್ಟಿಯಾಗಿ ಓದಿ” ಎಂದರು ವೈದ್ಯೆ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾವು ತಿಳಿಯೋಣ

ಮೊದಲು ಮೆತ್ತನೆಯ ಊಟ ಮಾಡಬೇಕು. ಸಣ್ಣ ತುತ್ತು ಮಾಡಿ ಎರಡೂ ಕಡೆ ಅಗಿಯಬೇಕು.

ಸೆಟ್ಟನ್ನು ಕೈಯಿಂದ ಕೂರಿಸಬೇಕು. ಕಚ್ಚಿ ಕೂರಿಸಿದರೆ ಕೊಕ್ಕೆ ಬಾಗುತ್ತದೆ.

ಉಂಡ ಮೇಲೆ ತೆಗೆದು ತೊಳೆಯಬೇಕು. ಮೆತ್ತನೆಯ ಬ್ರಷ್ಷು, ಸೋಪು ಸಾಕು. ಬೂದಿ, ಇದ್ದಿಲು ಬೇಡ. ಕೆಳಗೆ ನೀರಿನ ಬೋಗುಣಿ ಇಟ್ಟುಕೊಳ್ಳಿ. ಕೈ ಜಾರಿದರೂ ಒಡೆಯುವುದಿಲ್ಲ.

ರಾತ್ರಿ ತೆಗೆದಿಡಬೇಕು. ಒಸಡಿಗೂ ವಿಶ್ರಾಂತಿ ಬೇಕು. ನಿದ್ದೆಯಲ್ಲಿ ಸಣ್ಣ ಸೆಟ್ಟು ಗಂಟಲಿಗೆ ಇಳಿಯುವ ಭಯವೂ ಇರುವುದಿಲ್ಲ. ತಣ್ಣೀರಿನಲ್ಲಿ ಮುಳುಗಿಸಿಡಿ. ಕುದಿಯುವ ನೀರು ಹಾಕಿದರೆ ಸೊಟ್ಟಗಾಗುತ್ತದೆ.

ಕೊಕ್ಕೆ ಹಿಡಿದ ಹಲ್ಲಿನ ಸುತ್ತ ಅನ್ನ ನಿಲ್ಲುತ್ತದೆ. ಆ ಹಲ್ಲನ್ನು ಚೆನ್ನಾಗಿ ಉಜ್ಜಬೇಕು.

ಮುರಿದರೆ ಗೋಂದು ಹಚ್ಚಬೇಡಿ. ವೈದ್ಯರಿಗೆ ತೋರಿಸಿ.

ಹೊಗೆಸೊಪ್ಪು ಬಿಡಿ. ಅದರಿಂದ ಒಸಡು ಕೆಡುತ್ತದೆ, ಬಾಯಿ ಕ್ಯಾನ್ಸರ್ ಬರುತ್ತದೆ. ಎರಡು ವಾರಕ್ಕೂ ಮಾಯದ ಹುಣ್ಣನ್ನು ತಡಮಾಡದೆ ತೋರಿಸಿ.

ಖರ್ಚಿನ ಚಿಂತೆಯೇ? ಸರ್ಕಾರಿ ಆಸ್ಪತ್ರೆಯಲ್ಲಿ, ದಂತ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಬೆಂಗಳೂರು, ಬಳ್ಳಾರಿಗಳಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. 2014ರಲ್ಲಿ ಕರ್ನಾಟಕ ಸರ್ಕಾರ ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಲು ‘ದಂತಭಾಗ್ಯ’ ಯೋಜನೆ ತಂದಿತ್ತು. ಈಗ ನಿಮಗೆ ಯಾವ ಸೌಲಭ್ಯ ಸಿಗುತ್ತದೆ? ಪಡಿತರ ಚೀಟಿ ಹಿಡಿದು ಹೋಗಿ ಕೇಳಿ. ಕೇಳಲು ನಾಚಿಕೆ ಬೇಡ.

ಮತ್ತೆ ಜಗಲಿಯಲ್ಲಿ

ಒಂದು ತಿಂಗಳಾಯಿತು. ದೊಡ್ಡಮ್ಮನ ಸರದಿ ಬಂತು. ಅವರು ಎದ್ದು ನಿಂತರು. ಸೆರಗು ಹೆಗಲ ಮೇಲಿತ್ತು, ಬಾಯಿಗೆ ಅಡ್ಡ ಇರಲಿಲ್ಲ. “ಸಂತೆ” ಎಂದು ಓದಿದರು. ಇಡೀ ಪಾಠ ಓದಿದರು.

ಆಮೇಲೆ ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು ಎಲ್ಲರಿಗೂ ಹಂಚಿದರು. “ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಈಗ ನನಗೆ ಎರಡೂ ಉಂಟು” ಎಂದರು.

ಅವರೂ ನಕ್ಕರು. ನಾವೂ ನಕ್ಕೆವು.

ಉತ್ತರ ಹೇಳಿ, ಬರೆಯಿರಿ

1. ದೊಡ್ಡಮ್ಮ ಓದಲು ಬರುವುದನ್ನು ಏಕೆ ಬಿಟ್ಟರು?
2. ಸಂತೆಯಲ್ಲಿ ಹಲ್ಲು ಕೂರಿಸಿಕೊಂಡರೆ ಏನಾಗುತ್ತದೆ?
3. ರಾತ್ರಿ ಸೆಟ್ಟನ್ನು ಎಲ್ಲಿಡಬೇಕು?
4. ನಿಮ್ಮ ಮನೆಯಲ್ಲಿ ಹಲ್ಲು ಹೋದವರು ಯಾರಿದ್ದಾರೆ? ಅವರಿಗೆ ಈ ಪಾಠ ಓದಿ ಹೇಳಿ.